ಐವತ್ತು ಅಡಿ ಎತ್ತರದ ನಟಿ: ಆಲಿಸನ್ ಹೇಯ್ಸ್ ಬದುಕು ಮತ್ತು ವೃತ್ತಿ

ಹಾಲಿವುಡ್‌ನ ಅಗ್ಗದ ಚಿತ್ರಗಳ ಚರಿತ್ರೆಯಲ್ಲಿ ಒಂದೇ ಒಂದು ಪೋಸ್ಟರ್‌ನಿಂದ ಅಮರರಾದವರ ಪೈಕಿ ಆಲಿಸನ್ ಹೇಯ್ಸ್ ಮೊದಲಿಗರು. ಹೆದ್ದಾರಿಯ ಮೇಲ್ಸೇತುವೆಯ ಇಕ್ಕೆಲಗಳಲ್ಲಿ ಕಾಲೂರಿ ನಿಂತು, ಒಂದು ಕೈಯಲ್ಲಿ ಕಾರನ್ನು ಆಟಿಕೆಯಂತೆ ಹಿಡಿದು, ಮತ್ತೊಂದಕ್ಕೆ ಬಾಗಿ ಕೈಚಾಚಿರುವ ದೈತ್ಯ ಮಹಿಳೆಯ ಆ ಚಿತ್ರವನ್ನು ಟೀ ಶರ್ಟ್‌ಗಳ ಮೇಲೆ, ಉಪಾಹಾರ ಗೃಹಗಳ ಗೋಡೆಗಳ ಮೇಲೆ ಕಂಡವರು ಅಸಂಖ್ಯ. ಆದರೆ ಆ ಮಹಿಳೆಯ ಹೆಸರು ಬಲ್ಲವರು ವಿರಳ. ಮಾತ್ರೆಯ ರೂಪದಲ್ಲಿ ದೇಹ ಸೇರಿದ ಸೀಸದ ವಿಷದೊಂದಿಗೆ ಆಕೆ ವರ್ಷಗಟ್ಟಲೆ ಸೆಣಸಿದರೆಂಬುದನ್ನು ಬಲ್ಲವರು ಇನ್ನೂ ವಿರಳ.

ಹೇಯ್ಸ್ ಅವರ ವೃತ್ತಿಜೀವನ ಹದಿನೈದು ವರ್ಷಗಳನ್ನೂ ತುಂಬಲಿಲ್ಲ. ಅಷ್ಟರಲ್ಲಿ ಇತಿಹಾಸದ ಕಥೆ, ಕೌಬಾಯ್ ಚಿತ್ರ, ಭೂತ ಪ್ರೇತ, ಅಪರಾಧ, ವೈಜ್ಞಾನಿಕ ಕಲ್ಪನೆ, ಟಿವಿ ಧಾರಾವಾಹಿ ಎಲ್ಲವನ್ನೂ ಅವರು ಮುಗಿಸಿದ್ದರು. 1950ರ ದಶಕದ 'ಬಿ' ದರ್ಜೆಯ ಚಿತ್ರೋದ್ಯಮ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಅವರ ಚಿತ್ರಪಟ್ಟಿಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ.

ಸೌಂದರ್ಯ ಸ್ಪರ್ಧೆಯಿಂದ ಸ್ಟುಡಿಯೋಗೆ

ಹುಟ್ಟಿದ್ದು 1930ರ ಮಾರ್ಚ್ 6ರಂದು, ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಚಾರ್ಲ್ಸ್‌ಟನ್‌ನಲ್ಲಿ. ತಂದೆ ತಾಯಿ ಇಟ್ಟ ಹೆಸರು ಮೇರಿ ಜೇನ್. ಶಾಲೆಗೆ ಹೋದದ್ದು ರಾಜಧಾನಿ ವಾಷಿಂಗ್ಟನ್‌ನ ಕ್ಯಾಲ್ವಿನ್ ಕೂಲಿಜ್ ಪ್ರೌಢಶಾಲೆಯಲ್ಲಿ. 1949ರ ಮಿಸ್ ಅಮೆರಿಕ ಸ್ಪರ್ಧೆಯಲ್ಲಿ ವಾಷಿಂಗ್ಟನ್ ನಗರವನ್ನು ಪ್ರತಿನಿಧಿಸಿದರು. ಕಿರೀಟ ಅರಿಜೋನಾದ ಸ್ಪರ್ಧಿಯ ಪಾಲಾಯಿತು. ಆದರೂ ಸೌಂದರ್ಯ ಸ್ಪರ್ಧೆಯ ವೇದಿಕೆ ಸ್ಥಳೀಯ ಟಿವಿ ಕೇಂದ್ರದ ಬಾಗಿಲು ತೆರೆಯಿತು. ರೂಪದರ್ಶಿಯಾಗಿ, ಟಿವಿಯಲ್ಲಿ ಸಣ್ಣಪುಟ್ಟ ಕೆಲಸಗಳಲ್ಲಿ ಪಳಗಿ 1953ರಲ್ಲಿ ಹಾಲಿವುಡ್ ಸೇರಿದರು.

ಒಪ್ಪಂದಕ್ಕೆ ಕರೆದದ್ದು ಯೂನಿವರ್ಸಲ್ ಸಂಸ್ಥೆ. ಆ ಕಾಲದ ಸ್ಟುಡಿಯೋ ಒಪ್ಪಂದವೆಂದರೆ ಇಂದಿನ ಸಿನಿಮಾ ಕರಾರಿನಂತಲ್ಲ, ಒಂದು ಬಗೆಯ ಮಾಸಿಕ ಸಂಬಳದ ನೌಕರಿ. ಹೊಸಬರಿಗೆ ಅಭಿನಯ, ಕುದುರೆ ಸವಾರಿ, ಕತ್ತಿವರಸೆ, ಉಚ್ಚಾರಣೆಯ ಪಾಠಗಳಿರುತ್ತಿದ್ದವು. ಹೇಳಿದ ಚಿತ್ರದಲ್ಲಿ, ಹೇಳಿದ ಪಾತ್ರದಲ್ಲಿ ನಟಿಸಬೇಕಿತ್ತು. ಬೇಡವೆನಿಸಿದ ದಿನ ಸಂಸ್ಥೆ ಕೈಬಿಡುತ್ತಿತ್ತು. ಕ್ಲಿಂಟ್ ಈಸ್ಟ್‌ವುಡ್ ಎಂಬ ಎತ್ತರದ ಯುವಕ 1954ರಲ್ಲಿ ಸೇರಿದ್ದೂ ಇದೇ ಸಂಸ್ಥೆಗೆ, ಇದೇ ಬಗೆಯ ಕೆಲಸಕ್ಕೆ. ಅವರನ್ನೂ ಸಂಸ್ಥೆ ಹೆಚ್ಚು ಕಾಲ ಇಟ್ಟುಕೊಳ್ಳಲಿಲ್ಲ ಎಂಬುದು ಬೇರೆ ಮಾತು.

ಹೇಯ್ಸ್ ಅವರ ಮೊದಲ ಚಿತ್ರ 1954ರ 'ಫ್ರಾನ್ಸಿಸ್ ಜಾಯಿನ್ಸ್ ದಿ ವ್ಯಾಕ್ಸ್'. ಮಾತನಾಡುವ ಹೇಸರಗತ್ತೆಯೊಂದು ನಾಯಕನಾಗಿದ್ದ ಹಾಸ್ಯ ಸರಣಿಯ ಚಿತ್ರವದು. ಅದೇ ವರ್ಷ ದೊರೆತ 'ಸೈನ್ ಆಫ್ ದಿ ಪೇಗನ್' ಚಿತ್ರದ ಪಾತ್ರಕ್ಕೆ ತೂಕವಿತ್ತು. ಡಗ್ಲಸ್ ಸರ್ಕ್ ನಿರ್ದೇಶನದ ಆ ಸಿನಿಮಾಸ್ಕೋಪ್ ಚಿತ್ರದಲ್ಲಿ ಹೂಣರ ದೊರೆ ಅಟಿಲನಾಗಿ ಜ್ಯಾಕ್ ಪ್ಯಾಲೆನ್ಸ್ ನಟಿಸಿದ್ದರು. ಅಟಿಲನನ್ನು ಕೊನೆಗೆ ಇರಿದು ಕೊಲ್ಲುವ ಇಲ್ಡಿಕೋ ಪಾತ್ರ ಹೇಯ್ಸ್ ಅವರದು. ಇಷ್ಟು ದೊಡ್ಡ ಬಂಡವಾಳದ ಚಿತ್ರದಲ್ಲಿ ಇಂಥ ಪಾತ್ರ ಮುಂದೆಂದೂ ಅವರ ಪಾಲಿಗೆ ಬರಲಿಲ್ಲ. ಟೋನಿ ಕರ್ಟಿಸ್ ನಾಯಕರಾಗಿದ್ದ 'ಸೋ ದಿಸ್ ಈಸ್ ಪ್ಯಾರಿಸ್' ಮತ್ತು 'ದಿ ಪರ್ಪಲ್ ಮಾಸ್ಕ್' ಚಿತ್ರಗಳಲ್ಲಿ ಚಿಕ್ಕ ಪಾತ್ರಗಳು ಸಿಕ್ಕವು. 1955ರಲ್ಲಿ ಯೂನಿವರ್ಸಲ್ ಸಂಬಂಧ ಮುಗಿಯಿತು.

ಮುಂದಿನ ನಿಲ್ದಾಣ ಕೊಲಂಬಿಯ ಸಂಸ್ಥೆ. ಅಲ್ಲಿ 'ಚಿಕಾಗೋ ಸಿಂಡಿಕೇಟ್', 'ಕೌಂಟ್ ತ್ರೀ ಅಂಡ್ ಪ್ರೇ' ಚಿತ್ರಗಳು ಬಂದವು. ಎರಡನೆಯದು ವ್ಯಾನ್ ಹೆಫ್ಲಿನ್ ನಾಯಕರಾಗಿದ್ದ, ಜೋನ್ ವುಡ್‌ವರ್ಡ್ ಮೊದಲ ಬಾರಿ ತೆರೆಗೆ ಬಂದ ಚಿತ್ರ. ವುಡ್‌ವರ್ಡ್ ಎರಡೇ ವರ್ಷಗಳ ಬಳಿಕ ನಟಿಸಿದ ಚಿತ್ರಕ್ಕೆ ಆಸ್ಕರ್ ಗೆದ್ದರು. ಅದೇ ಸಮಯದಲ್ಲಿ ಹೇಯ್ಸ್ ಐವತ್ತು ಅಡಿ ಎತ್ತರಕ್ಕೆ ಬೆಳೆಯುವ ಸಿದ್ಧತೆಯಲ್ಲಿದ್ದರು.

'ಬಿ' ದರ್ಜೆಯೆಂದರೆ

'ಬಿ' ದರ್ಜೆ ಎಂಬ ಮಾತು ಇಂದು ಗುಣಮಟ್ಟದ ಸೂಚಕವಾಗಿದೆ. ಮೂಲದಲ್ಲಿ ಅದು ವ್ಯಾಪಾರದ ಮಾತು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದ ಚಿತ್ರಮಂದಿರಗಳು ಒಂದೇ ಟಿಕೆಟ್‌ಗೆ ಎರಡು ಚಿತ್ರ ತೋರಿಸತೊಡಗಿದವು. ಮೊದಲನೆಯದು ತಾರೆಯರಿದ್ದ ದೊಡ್ಡ ಚಿತ್ರ, ಅದರ ಗಳಿಕೆಯಲ್ಲಿ ಸ್ಟುಡಿಯೋಗೆ ಪಾಲು. ಎರಡನೆಯದಕ್ಕೆ ನಿಗದಿತ ಬಾಡಿಗೆ ಮಾತ್ರ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಆದಾಯ ಹೆಚ್ಚುವಂತಿರಲಿಲ್ಲ. ಹೀಗಾಗಿ ಖರ್ಚು ಇಳಿಸುವುದೊಂದೇ ಲಾಭದ ದಾರಿ. ಒಂದು ವಾರದ ಚಿತ್ರೀಕರಣ, ಒಂದು ಗಂಟೆ ಚಿಲ್ಲರೆ ಅವಧಿ, ಹಿಂದಿನ ಚಿತ್ರದ್ದೇ ಸೆಟ್, ಬಾಡಿಗೆ ಉಡುಪು.

1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಯಾರಾಮೌಂಟ್ ಪ್ರಕರಣದಲ್ಲಿ ನೀಡಿದ ತೀರ್ಪು ಈ ವ್ಯವಸ್ಥೆಯನ್ನು ಅಲುಗಿಸಿತು. ದೊಡ್ಡ ಸ್ಟುಡಿಯೋಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಮನೆಮನೆಗೆ ಟಿವಿ ಬಂದು ಪ್ರೇಕ್ಷಕರು ಕಡಿಮೆಯಾದರು. ದೊಡ್ಡವರು ಅಗ್ಗದ ಚಿತ್ರಗಳನ್ನು ಕೈಬಿಟ್ಟಾಗ ಆ ಜಾಗಕ್ಕೆ ಅಲೈಡ್ ಆರ್ಟಿಸ್ಟ್ಸ್, ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್‌ನಂಥ ಸಣ್ಣ ಸಂಸ್ಥೆಗಳು ನುಗ್ಗಿದವು. ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಡ್ರೈವ್-ಇನ್ ಚಿತ್ರಮಂದಿರಗಳು 1950ರ ದಶಕದ ಕೊನೆಗೆ ನಾಲ್ಕು ಸಾವಿರದಷ್ಟಾಗಿದ್ದವು. ಪ್ರೇಕ್ಷಕರು ಬಹುತೇಕ ಹದಿಹರೆಯದವರು. ಕಥೆ ಬರೆಯುವ ಮೊದಲೇ ಚಿತ್ರದ ಹೆಸರು ಮತ್ತು ಪೋಸ್ಟರ್ ಸಿದ್ಧಪಡಿಸಿ ಪ್ರದರ್ಶಕರ ಪ್ರತಿಕ್ರಿಯೆ ನೋಡುವ ಪದ್ಧತಿಯೂ ಇತ್ತು.

ಹೇಯ್ಸ್ ಬಂದು ಸೇರಿದ್ದು ಈ ಲೋಕಕ್ಕೆ. ಎತ್ತರದ ನಿಲುವು, ಕಪ್ಪು ಕೂದಲು, ತುಸು ಗಡುಸಾದ ನೋಟ. ಮುಗ್ಧ ನಾಯಕಿಯ ಪಾತ್ರಕ್ಕೆ ಈ ರೂಪ ಒಗ್ಗದೆಂದು ನಿರ್ಮಾಪಕರು ತೀರ್ಮಾನಿಸಿದಂತಿತ್ತು. ಮಾಟಗಾತಿ, ಮೋಸಗಾತಿ, ಮದ್ಯದಂಗಡಿಯ ಒಡತಿ, ಅತೃಪ್ತ ಪತ್ನಿ ಇವೇ ಪಾತ್ರಗಳು ಮತ್ತೆ ಮತ್ತೆ ಬಂದವು.

1956ರಲ್ಲಿ ರೋಜರ್ ಕಾರ್ಮನ್ ನಿರ್ದೇಶಿಸಿದ 'ಗನ್‌ಸ್ಲಿಂಗರ್' ಚಿತ್ರದಲ್ಲಿ ಹೇಯ್ಸ್ ಖಳನಾಯಕಿ. ಆರು ದಿನಗಳಲ್ಲಿ ಮುಗಿಸಬೇಕೆಂದು ಹೊರಟ ಚಿತ್ರೀಕರಣಕ್ಕೆ ಮಳೆ ಬೆನ್ನು ಬಿಡಲಿಲ್ಲ. ಕೆಸರಿನಲ್ಲೇ ಕೆಲಸ ಸಾಗಿತು. ಹೇಯ್ಸ್ ಕುದುರೆಯಿಂದ ಬಿದ್ದು ತೋಳಿನ ಮೂಳೆ ಮುರಿದುಕೊಂಡರು. ಇನ್ನೊಬ್ಬ ನಟಿ ಬೆವರ್ಲಿ ಗಾರ್ಲಂಡ್ ಅವರ ಕಾಲು ಉಳುಕಿತು. ಚಿತ್ರ ಮಾತ್ರ ಬಿಡುಗಡೆಯಾಯಿತು.

1957 ಅವರ ಅತ್ಯಂತ ಬಿಡುವಿಲ್ಲದ ವರ್ಷ. ಕಾರ್ಮನ್ ಅವರ 'ದಿ ಅನ್‌ಡೆಡ್' ಚಿತ್ರದಲ್ಲಿ ಲಿವಿಯಾ ಎಂಬ ಮಾಟಗಾತಿ. ಮುಚ್ಚಿದ ಸೂಪರ್ ಮಾರ್ಕೆಟ್ ಒಂದರೊಳಗೆ ಮಧ್ಯಯುಗದ ಕಾಡು, ಗುಡಿಸಲುಗಳನ್ನು ಕಟ್ಟಿ ಅದನ್ನು ಚಿತ್ರೀಕರಿಸಲಾಯಿತು. 'ಜಾಂಬೀಸ್ ಆಫ್ ಮೋರಾ ಟೌ' ಚಿತ್ರದಲ್ಲಿ ಆಫ್ರಿಕದ ಕಡಲಡಿಯ ವಜ್ರಗಳನ್ನು ಶವಗಳು ಕಾಯುತ್ತವೆ. 'ದಿ ಅನ್‌ಅರ್ಥ್ಲಿ'ಯಲ್ಲಿ ಜಾನ್ ಕ್ಯಾರಡೀನ್ ಹುಚ್ಚು ವೈದ್ಯ, ಹೇಯ್ಸ್ ಆತನ ರೋಗಿ. 'ದಿ ಡಿಸ್‌ಎಂಬಾಡೀಡ್'ನಲ್ಲಿ ಕಾಡಿನ ನಡುವೆ ವೂಡೂ ಮಾಟ ಮಾಡುವ ಪತ್ನಿ. ಇವುಗಳಲ್ಲಿ ಮಹತ್ವದ ಚಿತ್ರ ಯಾವುದೂ ಇಲ್ಲ. ಆದರೆ 'ದಿ ಅನ್‌ಡೆಡ್'ನ ಮಾಟಗಾತಿಯನ್ನು ಆಕೆ ಸವಿದು ಅಭಿನಯಿಸಿದ್ದು ಇಂದಿಗೂ ನೋಡತಕ್ಕದ್ದು. ಸುತ್ತಲಿನ ರಟ್ಟಿನ ಮರಗಳಿಗೆ ಆಕೆಯ ಅಭಿನಯ ತಗ್ಗಲಿಲ್ಲ.

ಐವತ್ತು ಅಡಿಯ ನ್ಯಾನ್ಸಿ

'ಅಟ್ಯಾಕ್ ಆಫ್ ದಿ 50 ಫುಟ್ ವುಮನ್' 1958ರ ಮೇ ತಿಂಗಳಲ್ಲಿ ತೆರೆ ಕಂಡಿತು. ನಿರ್ಮಾಪಕ ಬರ್ನಾರ್ಡ್ ವೂಲ್ನರ್, ಹಂಚಿಕೆ ಅಲೈಡ್ ಆರ್ಟಿಸ್ಟ್ಸ್. ಒಂದು ಲಕ್ಷ ಡಾಲರ್‌ಗಿಂತ ಕಡಿಮೆ ವೆಚ್ಚ, 66 ನಿಮಿಷಗಳ ಅವಧಿ. ನಿರ್ದೇಶಕರ ಹೆಸರು ನೇಥನ್ ಹರ್ಟ್ಸ್ ಎಂದು ತೆರೆಯ ಮೇಲಿತ್ತು. ನಿಜದಲ್ಲಿ ಅವರು ನೇಥನ್ ಜುರಾನ್, 'ಹೌ ಗ್ರೀನ್ ವಾಸ್ ಮೈ ವ್ಯಾಲಿ' ಚಿತ್ರದ ಕಲಾ ನಿರ್ದೇಶನಕ್ಕೆ ಆಸ್ಕರ್ ಪಡೆದವರು. ಅದೇ 1958ರಲ್ಲಿ ಬಂದ ಸಾಹಸ ಚಿತ್ರ 'ದಿ ಸೆವೆಂತ್ ವಾಯೇಜ್ ಆಫ್ ಸಿಂದ್ಬಾದ್' ಕೂಡ ಅವರದೇ, ಅದಕ್ಕೆ ಪೂರ್ಣ ಹೆಸರು ಹಾಕಿಕೊಂಡಿದ್ದರು. ಈ ಚಿತ್ರಕ್ಕೆ ತಮ್ಮ ಹೆಸರಿನ ಮೊದಲ ಮತ್ತು ನಡುವಿನ ಭಾಗಗಳನ್ನಷ್ಟೇ ಕೊಟ್ಟರು.

ಕಥೆ ಸರಳ. ನ್ಯಾನ್ಸಿ ಆರ್ಚರ್ ಅಪಾರ ಶ್ರೀಮಂತೆ. ಗಂಡ ಹ್ಯಾರಿ ಊರಿನ ಹೋಟೆಲ್‌ನಲ್ಲಿ ಹನಿ ಪಾರ್ಕರ್ ಎಂಬ ಯುವತಿಯೊಂದಿಗೆ ಬಹಿರಂಗವಾಗಿ ಓಡಾಡುತ್ತಾನೆ. ಆತನ ಕಣ್ಣು ಪತ್ನಿಯ ಆಸ್ತಿಯ ಮೇಲೆ. ಒಂದು ರಾತ್ರಿ ಕ್ಯಾಲಿಫೋರ್ನಿಯಾದ ಮರುಭೂಮಿಯ ರಸ್ತೆಯಲ್ಲಿ ನ್ಯಾನ್ಸಿಯ ಕಾರಿನೆದುರು ಬಿಳಿಯ ಗೋಳವೊಂದು ಇಳಿಯುತ್ತದೆ. ಚಿತ್ರದ ಪಾತ್ರಗಳು ಅದನ್ನು 'ಉಪಗ್ರಹ' ಎನ್ನುತ್ತವೆ. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಗೋಳದೊಳಗಿನ ದೈತ್ಯನಿಗೆ ಬೇಕಾದದ್ದು ಆಕೆಯ ಕೊರಳಿನ ವಜ್ರ. ಆ ವಜ್ರದ ಹೆಸರು 'ಸ್ಟಾರ್ ಆಫ್ ಇಂಡಿಯಾ'. ವಾಸ್ತವದಲ್ಲಿ ಆ ಹೆಸರಿನ ಪ್ರಸಿದ್ಧ ರತ್ನ ವಜ್ರವಲ್ಲ, ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯದಲ್ಲಿರುವ ನೀಲಮಣಿ. ಅದು ದೊರೆತದ್ದೂ ಭಾರತದಲ್ಲಲ್ಲ, ಶ್ರೀಲಂಕಾದಲ್ಲಿ.

ನ್ಯಾನ್ಸಿಯ ಮಾತನ್ನು ಯಾರೂ ನಂಬುವುದಿಲ್ಲ. ಆಕೆ ಹಿಂದೆ ಮಾನಸಿಕ ಚಿಕಿತ್ಸೆ ಪಡೆದವಳು, ಕುಡಿತವೂ ಉಂಟು. ಆಕೆಯನ್ನು ಮತ್ತೆ ಆಸ್ಪತ್ರೆಗೆ ತಳ್ಳಿ ಆಸ್ತಿ ನುಂಗುವ ಯೋಜನೆ ಗಂಡನದು. ದೈತ್ಯನ ಸ್ಪರ್ಶದಿಂದ ಐವತ್ತು ಅಡಿ ಬೆಳೆದ ನ್ಯಾನ್ಸಿ ಸರಪಳಿ ಹರಿದು ಊರಿಗೆ ನಡೆದು ಬರುತ್ತಾಳೆ, ಹೋಟೆಲ್‌ನ ಛಾವಣಿ ಕೀಳುತ್ತಾಳೆ. ಹನಿ ತೊಲೆಯ ಕೆಳಗೆ ಸಿಕ್ಕಿ ಸಾಯುತ್ತಾಳೆ. ಹ್ಯಾರಿಯನ್ನು ಮುಷ್ಟಿಯಲ್ಲಿ ಹಿಡಿದು ನಡೆಯುವ ನ್ಯಾನ್ಸಿಯ ಮೇಲೆ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದಾಗ ವಿದ್ಯುತ್ ಪರಿವರ್ತಕ ಸಿಡಿದು ಇಬ್ಬರೂ ಸಾಯುತ್ತಾರೆ.

ತಾಂತ್ರಿಕವಾಗಿ ಚಿತ್ರ ದುರ್ಬಲ. ಎರಡು ಚಿತ್ರಿಕೆಗಳನ್ನು ಒಂದರ ಮೇಲೊಂದು ಮುದ್ರಿಸಿದ್ದರಿಂದ ದೈತ್ಯೆಯ ಮೈಯ ಮೂಲಕ ಹಿಂದಿನ ಬೆಟ್ಟಗಳೇ ಕಾಣುತ್ತವೆ. ಕಿಟಕಿಯಿಂದ ಒಳಬರುವ ದೈತ್ಯ ಕೈ ರಬ್ಬರಿನದೆಂದು ಮಗುವೂ ಹೇಳೀತು. ಆಕೆ ದೈತ್ಯೆಯಾಗಿ ಊರಿನೊಳಗೆ ನಡೆಯುವುದು ಕೊನೆಯ ಕೆಲವು ನಿಮಿಷಗಳಲ್ಲಿ ಮಾತ್ರ. ಪೋಸ್ಟರ್‌ನಲ್ಲಿರುವ ಹೆದ್ದಾರಿಯ ದೃಶ್ಯವಂತೂ ಚಿತ್ರದಲ್ಲೇ ಇಲ್ಲ. ಅದು ಪೋಸ್ಟರ್ ಕಲಾವಿದ ರೆನಾಲ್ಡ್ ಬ್ರೌನ್ ಅವರ ಕಲ್ಪನೆ.

ಹಾಗಿದ್ದೂ ಚಿತ್ರ ಉಳಿಯಿತು. ಉಳಿಸಿದ್ದು ಹೇಯ್ಸ್. ಮೊದಲ ಮುಕ್ಕಾಲು ಗಂಟೆ ಇದು ದೈತ್ಯೆಯ ಕಥೆಯಲ್ಲ, ಯಾರೂ ಮಾತು ನಂಬದ ಹೆಂಗಸಿನ ಕಥೆ. ಗಂಡ ಸುಳ್ಳು ಹೇಳುತ್ತಿದ್ದಾನೆಂದು ತಿಳಿದೂ ಆತನನ್ನು ಬಿಡಲಾಗದ ಸಂಕಟವನ್ನು ಅವರು ಗಂಭೀರವಾಗಿಯೇ ಅಭಿನಯಿಸಿದರು. ರಬ್ಬರ್ ಕೈಯನ್ನು ನೋಡಿ ನಗುವ ಪ್ರೇಕ್ಷಕ ಆ ದೃಶ್ಯಗಳಲ್ಲಿ ನಗುವುದಿಲ್ಲ. ಸ್ತ್ರೀವಾದಿ ವಿಮರ್ಶಕರು ದಶಕಗಳ ಬಳಿಕ ಈ ಚಿತ್ರವನ್ನು ಎತ್ತಿಕೊಂಡದ್ದಕ್ಕೆ ಕಾರಣವೂ ಇದೇ.

ಕಿರುತೆರೆಯಲ್ಲಿ

ಚಿತ್ರ ಲಾಭ ತಂದರೂ ನಟಿಗೆ ದೊಡ್ಡ ಅವಕಾಶ ತರಲಿಲ್ಲ. 1960ರ 'ದಿ ಹಿಪ್ನಾಟಿಕ್ ಐ'ನಲ್ಲಿ ಸಮ್ಮೋಹನಕಾರನ ಸಹಾಯಕಿ, 1963ರಲ್ಲಿ 'ದಿ ಕ್ರಾಲಿಂಗ್ ಹ್ಯಾಂಡ್'. ಹೊಟ್ಟೆಪಾಡು ಬಹುಮಟ್ಟಿಗೆ ಟಿವಿಯಿಂದ ನಡೆಯಿತು. 'ಬ್ಯಾಟ್ ಮಾಸ್ಟರ್‌ಸನ್', '77 ಸನ್‌ಸೆಟ್ ಸ್ಟ್ರಿಪ್' ಮುಂತಾದ ಸರಣಿಗಳ ಅತಿಥಿ ಪಾತ್ರಗಳು ಬಂದವು. ವಕೀಲನ ಕಥೆಯಾದ 'ಪೆರಿ ಮೇಸನ್' ಸರಣಿಗೆ ಹಲವು ಬಾರಿ ಕರೆ ಬಂತು. ಅದರ ನಾಯಕ ರೇಮಂಡ್ ಬರ್, 'ಕೌಂಟ್ ತ್ರೀ ಅಂಡ್ ಪ್ರೇ' ದಿನಗಳಿಂದ ಪರಿಚಿತರು. 1961ರಲ್ಲಿ ಎನ್‌ಬಿಸಿ ವಾಹಿನಿಯ 'ಅಕಾಪುಲ್ಕೊ' ಸರಣಿಯಲ್ಲಿ ಖಾಯಂ ಪಾತ್ರವೊಂದು ದೊರೆಯಿತು. ಆದರೆ ಸರಣಿ ಎಂಟೇ ಕಂತುಗಳಿಗೆ ನಿಂತಿತು. 1963ರಲ್ಲಿ ಆರಂಭವಾದ ಹಗಲು ಧಾರಾವಾಹಿ 'ಜನರಲ್ ಹಾಸ್ಪಿಟಲ್'ನ ಮೊದಲ ವರ್ಷಗಳಲ್ಲಿ ಪ್ರಿಸಿಲ್ಲಾ ಲಾಂಗ್‌ವರ್ತ್ ಪಾತ್ರ ವಹಿಸಿದರು. ಆ ಧಾರಾವಾಹಿ ಅರವತ್ತು ವರ್ಷಗಳನ್ನೂ ಮೀರಿ ನಡೆಯಿತು.

1965ರಲ್ಲಿ ಎಲ್ವಿಸ್ ಪ್ರೀಸ್ಲಿ ನಾಯಕರಾಗಿದ್ದ 'ಟಿಕಲ್ ಮಿ' ಚಿತ್ರದಲ್ಲಿ ಹೇಯ್ಸ್‌ಗೆ ಸಣ್ಣ ಪಾತ್ರ. ಅಷ್ಟರಲ್ಲಿ ದೇಹ ಮಾತು ಕೇಳುವುದನ್ನು ನಿಲ್ಲಿಸಿತ್ತು.

ಮಾತ್ರೆಯಲ್ಲಿದ್ದ ಸೀಸ

ಕೈಕಾಲುಗಳಲ್ಲಿ ತೀವ್ರ ನೋವು, ದಣಿವು, ನಡೆಯಲು ಊರುಗೋಲು ಬೇಕೆನ್ನುವ ಸ್ಥಿತಿ. ಮೂವತ್ತೈದು ದಾಟದ ನಟಿಗೆ ಇವೆಲ್ಲ ಏಕೆ ಬಂದವೆಂದು ವೈದ್ಯರಿಗೆ ತಿಳಿಯಲಿಲ್ಲ. ವರ್ಷಗಳು ಕಳೆದರೂ ರೋಗಕ್ಕೆ ಹೆಸರು ಸಿಗಲಿಲ್ಲ. ದಾರಿ ಕಂಡದ್ದು ಒಂದು ಪುಸ್ತಕದಲ್ಲಿ. ಕಾರ್ಖಾನೆಗಳಲ್ಲಿ ಲೋಹದ ವಿಷಕ್ಕೆ ತುತ್ತಾದ ಕಾರ್ಮಿಕರ ವಿವರ ಅದರಲ್ಲಿತ್ತು. ಓದಿದ ಹೇಯ್ಸ್‌ಗೆ ಅಲ್ಲಿನ ಲಕ್ಷಣಗಳೆಲ್ಲ ತಮ್ಮವೇ ಎನಿಸಿದವು. ಆದರೆ ತಾವು ಯಾವ ಕಾರ್ಖಾನೆಯಲ್ಲೂ ದುಡಿದವರಲ್ಲ. ಹಾಗಾದರೆ ಲೋಹ ದೇಹ ಸೇರಿದ್ದು ಎಲ್ಲಿಂದ?

ವೈದ್ಯರೊಬ್ಬರ ಸಲಹೆಯಂತೆ ಅವರು ಬಹುಕಾಲದಿಂದ ಪ್ರತಿದಿನ ಕ್ಯಾಲ್ಸಿಯಂ ಮಾತ್ರೆ ಸೇವಿಸುತ್ತಿದ್ದರು. ಅದನ್ನು ತಯಾರಿಸುತ್ತಿದ್ದುದು ಹೊರದೇಶದಿಂದ ಆಮದಾದ ಕುದುರೆ ಮೂಳೆಯಿಂದ. ಹೇಯ್ಸ್ ತಮ್ಮ ಖರ್ಚಿನಲ್ಲಿ ವಿಷವಿಜ್ಞಾನಿಯೊಬ್ಬರಿಂದ ಮಾತ್ರೆಯನ್ನು ಪರೀಕ್ಷೆ ಮಾಡಿಸಿದರು. ಅದರಲ್ಲಿ ಸೀಸದ ಪ್ರಮಾಣ ಅತಿಯಾಗಿತ್ತು. ಸೀಸ ವಿಷಪ್ರಾಶನವೇ ರೋಗದ ಮೂಲವಿರಬೇಕೆಂದು ಆ ತಜ್ಞರು ಅಭಿಪ್ರಾಯಪಟ್ಟರು.

ಮೂಳೆಗೂ ಸೀಸಕ್ಕೂ ಇರುವ ನಂಟು ರಸಾಯನಶಾಸ್ತ್ರದ್ದು. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ತಪ್ಪಾಗಿ ಭಾವಿಸಿ ಮೂಳೆಯಲ್ಲಿ ಶೇಖರಿಸುತ್ತದೆ. ಹುಲ್ಲು, ನೀರು, ಧೂಳಿನ ಮೂಲಕ ಪ್ರಾಣಿಯ ದೇಹ ಸೇರಿದ ಸೀಸ ದಶಕಗಳ ಕಾಲ ಅಲ್ಲೇ ಉಳಿಯಬಲ್ಲದು. ಹೀಗಾಗಿ ವಯಸ್ಸಾದ ಪ್ರಾಣಿಯ ಮೂಳೆಯಲ್ಲಿ ಸೀಸ ಹೆಚ್ಚು. ನಮ್ಮ ರೈತರು ಗೊಬ್ಬರವಾಗಿ ಬಲ್ಲ ಎಲುಬಿನ ಪುಡಿಯನ್ನೇ ಶುದ್ಧೀಕರಿಸಿ ಮಾತ್ರೆಯಾಗಿಸಿದರೂ ಆ ಲೋಹ ಹೋಗುವುದಿಲ್ಲ. ಮನುಷ್ಯನ ದೇಹದಲ್ಲಿ ಅದು ನರಗಳನ್ನು ದುರ್ಬಲಗೊಳಿಸುತ್ತದೆ, ರಕ್ತ ತಯಾರಿಕೆಗೆ ಅಡ್ಡಿ ಮಾಡುತ್ತದೆ, ಹೊಟ್ಟೆನೋವು, ಸಿಡಿಮಿಡಿ, ಸ್ನಾಯು ಬಲಹೀನತೆ ತರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಈ ಯಾವ ಲಕ್ಷಣವೂ ಸೀಸದತ್ತ ಬೆರಳು ತೋರಿಸುವುದಿಲ್ಲ. ರಕ್ತದಲ್ಲಿ ಸೀಸ ಹುಡುಕಬೇಕೆಂದು ವೈದ್ಯರಿಗೆ ತೋಚಿದರೆ ಮಾತ್ರ ಅದು ಪತ್ತೆಯಾಗುತ್ತದೆ.

ಹೇಯ್ಸ್ ಸುಮ್ಮನಾಗಲಿಲ್ಲ. ಆ ಮಾತ್ರೆಯ ಮಾರಾಟ ನಿಷೇಧಿಸಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ ಬೆನ್ನು ಹತ್ತಿದರು. ಕಾನೂನಿನ ಗಾಳಿ ಅನುಕೂಲವಾಗಿರಲಿಲ್ಲ. ಪೂರಕ ಪೋಷಕಾಂಶಗಳು ಔಷಧವಲ್ಲ, ಆಹಾರ ಎಂಬುದು ಆ ದೇಶದ ನಿಲುವು. ಔಷಧಕ್ಕಿದ್ದ ಮುಂಚಿತ ಪರೀಕ್ಷೆಯ ಕಟ್ಟುಪಾಡು ಅವುಗಳಿಗಿರಲಿಲ್ಲ. ಅಲ್ಲದೆ 1976ರಲ್ಲಿ ಅಮೆರಿಕದ ಸಂಸತ್ತು ಪ್ರಾಕ್ಸ್‌ಮೈರ್ ತಿದ್ದುಪಡಿಯ ಮೂಲಕ ವಿಟಮಿನ್, ಖನಿಜಾಂಶಗಳ ಪ್ರಮಾಣಕ್ಕೆ ಮಿತಿ ಹೇರುವ ಸಂಸ್ಥೆಯ ಅಧಿಕಾರವನ್ನು ಮೊಟಕುಗೊಳಿಸಿತು. ಆ ತಿದ್ದುಪಡಿ ಕಲಬೆರಕೆಗೆ ಸಂಬಂಧಿಸಿದ್ದಲ್ಲ, ನಿಜ. ಆದರೆ ಇಂಥ ಮಾತ್ರೆಗಳ ಮೇಲೆ ಸರ್ಕಾರ ಕೈಯಿಡುವುದನ್ನು ಗ್ರಾಹಕರೂ ಉದ್ಯಮವೂ ಎಷ್ಟು ವಿರೋಧಿಸುತ್ತಿದ್ದರು ಎಂಬುದಕ್ಕೆ ಅದು ಸಾಕ್ಷಿ.

ಅದೇ 1976ರಲ್ಲಿ ಹೇಯ್ಸ್‌ಗೆ ರಕ್ತದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಚಿಕಿತ್ಸೆ ನಡೆಯಿತು. 1977ರ ಫೆಬ್ರವರಿ 26ರಂದು ರಕ್ತ ಪಡೆಯಲು ಆಸ್ಪತ್ರೆಗೆ ಹೋದವರ ಸ್ಥಿತಿ ಏಕಾಏಕಿ ಬಿಗಡಾಯಿಸಿತು. ಮರುದಿನ ಸ್ಯಾನ್ ಡಿಯಾಗೊದಲ್ಲಿ ನಿಧನ ಹೊಂದಿದರು. 47 ತುಂಬಲು ಒಂದು ವಾರ ಬಾಕಿಯಿತ್ತು. ಪೂರಕ ಪೋಷಕಾಂಶಗಳ ಆಮದು ನಿಯಮಗಳಿಗೆ ತಿದ್ದುಪಡಿ ತರಲಾಗುತ್ತಿದೆ, ಅದಕ್ಕೆ ಬಹುಮಟ್ಟಿಗೆ ನಿಮ್ಮ ಪ್ರಕರಣವೇ ಕಾರಣ ಎಂದು ತಿಳಿಸುವ ಸರ್ಕಾರಿ ಪತ್ರ ಮನೆ ತಲುಪಿದಾಗ ಆಕೆ ಇರಲಿಲ್ಲ.

ಅದೇ ವರ್ಷ ಅಮೆರಿಕ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ರಕ್ತರೋಗ ತಜ್ಞ ವಿಲಿಯಂ ಕ್ರಾಸ್ಬಿ, ಸೀಸ ಬೆರೆತ 'ಆರೋಗ್ಯ ಆಹಾರ'ದ ಕುರಿತು ಲೇಖನ ಪ್ರಕಟಿಸಿ ಸೀಸ ವಿಷ ಹಾಗೂ ರಕ್ತದ ಕ್ಯಾನ್ಸರ್ ಎರಡನ್ನೂ ಅದರಲ್ಲಿ ಚರ್ಚಿಸಿದರು. ಸೀಸದಿಂದಲೇ ಆ ಕ್ಯಾನ್ಸರ್ ಬರುತ್ತದೆಂಬುದು ಖಚಿತವಾಗಿ ಸಾಬೀತಾಗಿಲ್ಲ. ಆದರೆ ಮೂಳೆ ಪುಡಿಯಲ್ಲಿ ಸೀಸವಿರುವುದರ ಬಗ್ಗೆ ಅನುಮಾನ ಉಳಿಯಲಿಲ್ಲ. ಶಿಶುಗಳು, ಎಳೆಯ ಮಕ್ಕಳು, ಗರ್ಭಿಣಿಯರು ಹಾಗೂ ಬಾಣಂತಿಯರು ಎಲುಬಿನ ಪುಡಿ ಮತ್ತು ಡಾಲೊಮೈಟ್ ಮೂಲದ ಕ್ಯಾಲ್ಸಿಯಂ ಸೇವನೆಯನ್ನು ಆದಷ್ಟು ಕಡಿಮೆ ಮಾಡಬೇಕೆಂದು ಆಹಾರ ಮತ್ತು ಔಷಧ ಆಡಳಿತ 1982ರಲ್ಲಿ ಸಲಹೆ ನೀಡಿತು. ನಂತರದ ವರ್ಷಗಳಲ್ಲಿ ಮಾತ್ರೆ ತಯಾರಕರು ಮೂಳೆ ಪುಡಿಯ ಬದಲು ಶುದ್ಧೀಕರಿಸಿದ ಕ್ಯಾಲ್ಸಿಯಂ ಕಾರ್ಬೊನೇಟ್, ಸಿಟ್ರೇಟ್‌ಗಳತ್ತ ಹೊರಳಿದರು.

ಉಳಿದ ಹೆಸರು

ಡ್ರೈವ್-ಇನ್‌ಗಳು ಮುಚ್ಚಿದ ಮೇಲೂ ತಡರಾತ್ರಿಯ ಟಿವಿ ಪ್ರಸಾರಗಳಲ್ಲಿ, ಆಮೇಲೆ ವಿಡಿಯೋ ಕ್ಯಾಸೆಟ್ ಮತ್ತು ಡಿವಿಡಿಗಳಲ್ಲಿ ಹೇಯ್ಸ್ ಅವರ ಚಿತ್ರಗಳು ಹೊಸ ಪ್ರೇಕ್ಷಕರನ್ನು ಪಡೆದವು. 1993ರಲ್ಲಿ ಎಚ್‌ಬಿಒ ವಾಹಿನಿಗಾಗಿ ಕ್ರಿಸ್ಟೋಫರ್ ಗೆಸ್ಟ್ ಇದೇ ಕಥೆಯನ್ನು ಮತ್ತೆ ಚಿತ್ರಿಸಿದರು, ನ್ಯಾನ್ಸಿಯಾಗಿ ನಟಿಸಿದ್ದು ಡ್ಯಾರಿಲ್ ಹನ್ನಾ. ವಿಶೇಷ ಪರಿಣಾಮಗಳು ಈ ಬಾರಿ ಎಷ್ಟೋ ಮೇಲಾಗಿದ್ದವು, ಆದರೆ ಜನ ನೆನಪಿಟ್ಟುಕೊಂಡದ್ದು ಹಳೆಯದನ್ನೇ.

ಹನಿ ಪಾರ್ಕರ್ ಪಾತ್ರ ವಹಿಸಿದ್ದ ಇವೆಟ್ ವಿಕರ್ಸ್ 2011ರಲ್ಲಿ ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲಿ ಶವವಾಗಿ ಪತ್ತೆಯಾದರು. ತೀರಿಕೊಂಡು ತಿಂಗಳುಗಳೇ ಕಳೆದಿದ್ದವು. ರೆನಾಲ್ಡ್ ಬ್ರೌನ್ ಬರೆದ ಪೋಸ್ಟರ್‌ನ 1958ರ ಮೂಲ ಪ್ರತಿಗಳು ಸಂಗ್ರಾಹಕರ ಹರಾಜುಗಳಲ್ಲಿ ಸಾವಿರಾರು ಡಾಲರ್ ಬೆಲೆಗೆ ಮಾರಾಟವಾಗಿವೆ. ಅದರಲ್ಲಿ ನಟಿಯ ಹೆಸರು ಚಿತ್ರದ ಶೀರ್ಷಿಕೆಗಿಂತ ಎಷ್ಟೋ ಸಣ್ಣ ಅಕ್ಷರಗಳಲ್ಲಿದೆ.